ಮನಿಗೆ ಯಾರ್ಯಾರ ಬರ್ತಾರ

ಕೋರ್ಟಿನ ಕಾಗದದಾಗ ಎಲ್ಲಾ ಐತಿ:
ಶನಿವಾರ ಸಂಜಿ ಐದಕ್ಕ ಕೂಸು ನನ್ನ ಕಡೆ,
ಸೋಮವಾರ ಸಾಲಿ ಬಾಗಲದಿಂದ ಮತ್ತ ಆತನ ಕಡೆ,
ದೀಪಾವಳಿ ಒಂದ್ ವರ್ಷ ನಂದು, ಒಂದ್ ವರ್ಷ ಆತಂದು,
ಯುಗಾದಿ ಅದಲು ಬದಲು.
ರೋಗ ಬಂದ್ರ ಏನು ಅನ್ನೂದು
ಯಾವ ಪುಟದಾಗೂ ಇಲ್ಲ.
ಸಾಲಿ ಬಾಗಲಾ ಮುಚ್ಚಿ ಹದಿನೆಂಟು ದಿನ ಆಗಿತ್ತು.

ಪಾಸ್ ಕೊಡಾವ ಪಟ್ಟಿ ತೋರಿಸಿದ:
ಹಾಲು, ಕಾಯಿಪಲ್ಲೆ, ಔಷಧ, ಮಣ್ಣಿಗೆ ಹೋಗೂದು.
"ಇದರಾಗ ನೀವು ಎಲ್ಲಿ ಬರ್ತೀರಿ, ಅಕ್ಕಾರ?"
ಖರೇ ಹೇಳಬೇಕಂದ್ರ, ನಾನೂ ಹುಡುಕಿದೆ.

ಎರಡು ವರ್ಷ ವಕೀಲರ ಬಾಯಿಲೆ ಮಾತಾಡಿದವರು ನಾವು.
ಆವತ್ತು ರಾತ್ರಿ ನಾನಽ ಫೋನ್ ಹಚ್ಚಿದೆ.
"ಮನಿಗೆ ಯಾರ್ಯಾರ ಬರ್ತಾರ?"

ಕೇಳಿದ ಮ್ಯಾಲೆ ನಾಲಿಗಿ ಕಚ್ಚಿಕೊಂಡೆ.
ಮಾಳಮಡ್ಡಿಯ ಅದಽ ಅಡಗಿಮನ್ಯಾಗ
ಒಂದು ಕಾಲಕ್ಕ ತಾಟು ಹಾರಿಸಿದ ಮಾತು ಅದು.
ಚನವೀರ ಸುಮ್ಮನಿದ್ದ. ಆಮ್ಯಾಲೆ ಒಂದೊಂದಽ ಎಣಿಸಿದ:
ಹಾಲಿನ ಫಕೀರಪ್ಪ, ಹೊಸ್ತಿಲದ ಹೊರಗ.
ನಮ್ಮವ್ವ ಭಜನಿ ಬಿಟ್ಟಾಳ.
ಪ್ರೆಸ್ಸು ಬಂದ್, ಲಗ್ನಪತ್ರಿಕಿ ಯಾರೂ ಹಾಕಸವಲ್ಲರು.
"ಮತ್ತ ನಿಂದು?"

ನಂದು ಹೇಳಿದೆ. ಹುಬ್ಬಳ್ಳಿ ದವಾಖಾನಿ, ಸ್ವ್ಯಾಬ್ ತಗೊಳ್ಳೂ ರೂಮು,
ದಿನಕ್ಕ ಇನ್ನೂರು ಮೂಗು,
ಪ್ಲಾಸ್ಟಿಕ್ ಅಂಗಿಯೊಳಗ ಸೊಂಟದ ತನಕ ಬೆವರು,
ನೀರು ಕುಡ್ಯೂದು ಎಂಟು ತಾಸಿಗೊಮ್ಮೆ.
ಆರು ವರ್ಷದ ಸಂಸಾರದಾಗ
ದಿನಾ ಹೆಂಗ ಹೋಗ್ತದ ಅಂತ
ಒಬ್ಬರಿಗೊಬ್ಬರು ಇಷ್ಟು ಕೇಳಿದ್ದಿಲ್ಲ.

ಕಡೀಕ ನಾನಽ ಅಂದೆ: ಈ ಸರ್ತಿ ಬ್ಯಾಡ. ಅಲ್ಲೇ ಇರ್ಲಿ.
ಇದಽ ಮಾತು ಅನ್ನಸಾಕ ಆತನ ವಕೀಲ
ಹನ್ನೊಂದು ತಾರೀಖು ಓಡಾಡಿದ್ದ.

ಐದು ಶನಿವಾರ ಹೋದುವು.
ಆರನೇದಕ್ಕ ರಾಯಾಪುರದ ಹತ್ರ.
ನನ್ನ ಕೊರಳಾಗ ದವಾಖಾನಿ ಕಾರ್ಡು,
ಆತನ ಕೈಯಾಗ ಅವ್ವನ ಬೀಪಿ ಗುಳಿಗಿ ಚೀಟಿ,
ನಡುವ ಚಿಗರಿ ಬಸ್ಸಿಲ್ಲದ ಖಾಲಿ ದಾರಿ,
ಕಬ್ಬಿಣದ ಕಟಕಟಿ.

"ಅವ್ವಾ, ಹಲ್ಲು ಬಿತ್ತು!"
ನೀಲಾ ಮಾಸ್ಕು ಇಳಿಸಿ ಕಿಂಡಿ ತೋರಿಸಿದ್ಲು.
"ಏರಸು!"
ಇಬ್ರೂ ಕೂಡೇ ಒದರಿದ್ವಿ.
ಹೊಂಗಿ ನೆರಳಾಗ ಕುಂತ ಪೊಲೀಸಪ್ಪ ತಿರುಗಿ ನೋಡಿದ.

"ಯಾರ ಮನಿ ಮಾಳಗಿ ಮ್ಯಾಲ ಒಗೀಬೇಕು ಇದನ್ನ?"

ನಾನು ರಸ್ತೆ ನೋಡಿದೆ. ಆತನೂ.
ಆಮ್ಯಾಲೆ ಕಟಕಟಿ ಮ್ಯಾಲ ಕಡ್ಡಿಪೆಟ್ಟಿಗಿ ಇಟ್ಟು
ಆರು ಹೆಜ್ಜಿ ಹಿಂದ ಸರದ.

ಮನಿಗೆ ತಂದೆ. ತಗೀಲಿಲ್ಲ.
ರೊಕ್ಕ, ಬದನಿಕಾಯಿ, ಬಂದದ್ದೆಲ್ಲಾ ಬಿಸಿಲಿಗಿಡೂ ಹಂಗ
ಮೂರು ದಿನ ಅದನ್ನೂ ಬಿಸಿಲಿಗಿಟ್ಟೆ,
ಗುಬ್ಬಿ ಒಯ್ದೀತಂತ ಮ್ಯಾಲ ಜರಡಿ ಮುಚ್ಚಿ.

ನಾಕನೇ ದಿನ, ಅಕ್ಕಿ ನುಚ್ಚಿನಂಥಾ ಹಲ್ಲು.
ಅದರ ಕೆಳಗ ಲಗ್ನಪತ್ರಿಕಿಯ ಹರಕು ಅಂಚು,
ಕೋರ್ಟಿನ ಪುಟಪುಟಕ್ಕೂ ಸಹಿ ಒತ್ತಿದ ಅದಽ ಓರೆ ಅಕ್ಷರ:
ಗುರುವಾರ ರಾತ್ರಿ ಎಂಟೂವರಿ. ಅಳಲಿಲ್ಲ.
ರಕ್ತ ನೋಡಿ ನಾನಽ ಅಂಜಿದೆ.