ಮೊದಲ ಉಗಿ

ಕಾರಟಗಿಯ ಅಕ್ಕಿ ಮಿಲ್ಲಿನಲ್ಲಿ ನಡುರಾತ್ರಿ
ಬಣ್ಣ ಆರಿಸುವ ಯಂತ್ರ ಮತ್ತೆ ಸತ್ತು ಹುಟ್ಟಿತು.
ನಿನ್ನೆಯಿಂದ ಇದು ಹನ್ನೊಂದನೆಯ ಜನ್ಮ.
ತಗಡಿನ ಡಬ್ಬಿಯ ಮೇಲೆ ಲ್ಯಾಪ್‌ಟಾಪ್ ಇಟ್ಟು
ಉಮಿಯ ಧೂಳು ಊದಿ ಊದಿ ಲಾಗ್ ಓದುತ್ತ ಕೂತಿದ್ದೇನೆ,
ಬೂದಿ ಕವಿದ ಕೀಲಿಗಳಲ್ಲಿ ಎಂಟರ್ ಒಂದೇ ಸ್ವಚ್ಛ.

ಅಕ್ಕಿ ಬಾರದಾಗ ಪ್ರೊಸೆಸರ್ ಮಲಗಬೇಕು:
ಮುನ್ನೂರು ಮೆಗಾಹರ್ಟ್ಸಿನ ಅರೆನಿದ್ದೆ,
ಒಂದು ವೋಲ್ಟಿಗೂ ಕಡಿಮೆ ಉಸಿರು.
ಧಾರೆ ಇಳಿದದ್ದೇ ಎದ್ದು
ಒಂದೊಂದು ಕಾಳಿನ ಮುಖ ನೋಡಬೇಕು,
ಕಪ್ಪು ಚುಕ್ಕಿ ಕಂಡಲ್ಲಿ ಗಾಳಿ ಊದಿ ಆಚೆ ಚಿಮ್ಮಿಸಬೇಕು.
ಕರ್ನಲ್ಲಿನೊಳಗೆ ಪಟ್ಟಿ ಬರೆದಿಟ್ಟಿದ್ದೇನೆ,
ಇಷ್ಟು ವೇಗಕ್ಕೆ ಇಷ್ಟು ವೋಲ್ಟೇಜು.
ಪಟ್ಟಿ ಸರಿ ಇದೆ. ಮೂರು ಸಲ ತಾಳೆ ನೋಡಿದೆ.
ಆದರೂ ಏಳುವ ಹೊತ್ತಿಗೇ ಬೀಳುತ್ತದೆ.

ಹುಸೇನಪ್ಪ ಬಾಯ್ಲರಿಗೆ ಉಮಿ ಹಾಕಿ ಬಂದು
ಬಾಗಿಲಲ್ಲಿ ನಿಂತ, ಟವೆಲಿನಿಂದ ಕುತ್ತಿಗೆ ಒರೆಸುತ್ತ.
'ಏನವ್ವಾ, ಎಚ್ಚರಾಗೂವಾಗ ಜೋಲಿ ಹೊಡಿತೈತೇನು?'
ಹೌದೆಂದೆ.
'ಹಳೇ ಮಿಲ್ಲಿನಾಗ ಉಗಿ ಎಂಜಿನ್ ಇತ್ತು. ನಾ ಹುಡುಗ.
ಮುಳ್ಳು ಏರೂದ್ರೊಳಗ ಬೆಲ್ಟ್ ಎಳದು ಹಾಕಿಬಿಟ್ಟೆ.
ಗಕ್ಕನ ನಿಂತುಬಿಡ್ತು. ಮೇಸ್ತ್ರಿ ಕಪಾಳಕ್ಕ ಕೊಟ್ಟ.
ಏರೂವಾಗ ಮೊದಲ ಉಗಿ, ಆಮ್ಯಾಲ ಬೆಲ್ಟು.
ಇಳಿಯೂವಾಗ ಮೊದಲ ಬೆಲ್ಟು, ಆಮ್ಯಾಲ ಉಗಿ.
ನಡುವ ಒಂದು ಚುಟ್ಟಾ ಸೇದೂವಷ್ಟು ತಡೀಬೇಕು.'

ಕೋಡಿಗೆ ಮರಳಿದೆ.
ವೋಲ್ಟೇಜನ್ನೇ ಮೊದಲು ಕೇಳಿದ್ದೆ, ಅದು ಸರಿ;
ಕೇಳಿದ್ದು ಬಂತೋ ಇಲ್ಲವೋ ನೋಡದೆ
ಮರುಸಾಲಿನಲ್ಲೇ ವೇಗ ಏರಿಸಿದ್ದೆ.
ರೆಗ್ಯುಲೇಟರು ಬಚ್ಚಲ ಹಂಡೆಯ ಜಾತಿ, ತಡವಾಗಿ ಕಾಯುತ್ತದೆ,
ಈ ತಗಡಿನ ಸೂರಿನ ಸೆಕೆಯಲ್ಲಿ ಇನ್ನೂ ತಡ.
ಅದಕ್ಕೊಂದು ಚುಟ್ಟಾ ಕೊಟ್ಟೆ: ಇನ್ನೂರು ಮೈಕ್ರೊಸೆಕೆಂಡು.
ರೆಪ್ಪೆ ಬಡಿಯುವುದರೊಳಗೆ
ಅಂಥ ಸಾವಿರ ಚುಟ್ಟಾ ಸೇದಿ ಮುಗಿಸಬಹುದು.
ಮೇಲಿನ ಸಾಲಿಗೆ ಒಂದು ಟಿಪ್ಪಣಿ, ಕನ್ನಡದಲ್ಲೇ:
ಮೊದಲ ಉಗಿ.

ಮೂರು ಗಂಟೆ. ಹಾಪರಿನ ಬಾಯಿ ತೆರೆಯಿತು,
ಸೋನಾ ಮಸೂರಿ ಬೆಳ್ಳಗೆ ಇಳಿಯಿತು.
ಟಕ್.
ಟಕ್ ಟಕ್.
ಕಪ್ಪು ಕಾಳಷ್ಟೇ ಆಚೆ.
ನಾಲ್ಕೂವರೆಯಾದರೂ ಬೀಳಲಿಲ್ಲ.

ಹುಸೇನಪ್ಪ ರಿಜೆಕ್ಟಿನ ಡಬ್ಬಿಯೊಳಗೆ ಕೈಯಾಡಿಸಿದ.
ಎರಡು ದಿನದಿಂದ, ಯಂತ್ರ ಬಿದ್ದಾಗಲೆಲ್ಲ
ಒಳ್ಳೆಯ ಅಕ್ಕಿಯೂ ಅಲ್ಲೇ ಸುರಿದು
ಅವನ ಚೀಲ ತುಂಬುತ್ತಿತ್ತು.
ಇವತ್ತು ತಳ ಕಂಡಿತು, ಮುಷ್ಟಿಯಷ್ಟು ಕರಿಕಾಳು.
'ಚಲೋ ಆತು ಬಿಡು' ಅಂದ. ಆಮೇಲೆ, ತಡೆದು,
'ಮನ್ಯಾಗ ಕೋಳಿಗೆ ಹ್ಯಾಂಗ ಹೇಳೂದು ಅಂತೀನಿ.'