ಗೂಡು ಅಲ್ಲಾಡಿಸಿ ಕೇಳುವುದು

ಹೊಸ ಚೂಡಿದಾರ ಮನೆಯಲ್ಲಿಲ್ಲ.
ಇಸ್ತ್ರಿ ಮುನಿನಾರಾಯಣಪ್ಪನ ಗೂಡಂಗಡಿಯಲ್ಲಿ
ಎರಡು ದಿನದಿಂದ ನೇತಾಡುತ್ತಿದೆ,
ಯಾರದೋ ಖಾಕಿ ಪ್ಯಾಂಟಿನ ಪಕ್ಕ.
ನಮ್ಮನೆಯಲ್ಲಿಟ್ಟರೆ ಒಂದೇ ರಾತ್ರಿಗೆ
ಬೆಂದ ಹುಳದ ವಾಸನೆ ಹೊಲಿಗೆಯೊಳಕ್ಕೆ ಇಳಿಯುತ್ತೆ;
ಸೋಪು, ಅತ್ತರು, ಬಿಸಿಲು, ಯಾವುದಕ್ಕೂ ಜಗ್ಗಲ್ಲ.
ಶಿಡ್ಲಘಟ್ಟದೊಳಗೆ ಅದು ವಾಸನೆಯೇ ಅಲ್ಲ.
ಕಾಲೇಜಿನ ಬಸ್ಸಿನಲ್ಲಿ ಮಾತ್ರ ಮೂರು ವರ್ಷ
ನನ್ನ ಪಕ್ಕದ ಕಿಟಕಿ ತೆರೆದೇ ಇರುತ್ತಿತ್ತು,
ಡಿಸೆಂಬರಿನಲ್ಲೂ.

ಸೋಮವಾರ ಹತ್ತೂವರೆಗೆ, ಚಿಕ್ಕಬಳ್ಳಾಪುರದಲ್ಲಿ,
ಹಾಲಿನ ಡೇರಿಯ ಲ್ಯಾಬಿಗೆ ಸಂದರ್ಶನ.
ಹುದ್ದೆ ಒಂದು. ಬರುವವರು ಎಷ್ಟೋ.
ಇದಕ್ಕೆ ಮುಂಚೆ ಮಾಡಿದ್ದು ಕೆಲಸವಲ್ಲವೆ?
ಟ್ಯೂಷನ್ನು, ಜೆರಾಕ್ಸ್ ಅಂಗಡಿ,
ರಂಜಾನಿನ ತಿಂಗಳು ಬಳೆ ಅಂಗಡಿಯ ಗಲ್ಲಾ.
ಅದಕ್ಕೆಲ್ಲ ಯಾರೂ ನನ್ನ ಎದುರು ಕೂರಿಸಿಕೊಂಡು ಕೇಳಲಿಲ್ಲ,
ನಾಳೆಯಿಂದ ಬಾಮ್ಮ ಅಂದರು, ಅಷ್ಟೇ.

ಅಮ್ಮಿ ಮುದ್ದೆ ಕಟ್ಟುವಾಗ
ಅಡುಗೆಮನೆಯ ಗೋಡೆಗೆ ಒಪ್ಪಿಸುತ್ತೇನೆ:
ಹಾಲಿನಲ್ಲಿ ಕೊಬ್ಬು ಎಷ್ಟಿರಬೇಕು, ನೀರು ಬೆರೆಸಿದರೆ ಹೇಗೆ ಗೊತ್ತಾಗುತ್ತೆ,
ಯೂರಿಯಾ ಇದ್ದರೆ ಯಾವ ಬಣ್ಣ. ಹಳದಿ.
ಗೋಡೆ ಒಳ್ಳೆಯ ಅಧಿಕಾರಿ, ನಡುವೆ ಬಾಯಿ ಹಾಕುವುದಿಲ್ಲ.
ಕಷ್ಟ ಇರುವುದು ಮೊದಲನೇ ಪ್ರಶ್ನೆಯಲ್ಲಿ,
ಎಲ್ಲರನ್ನೂ ಕೇಳುತ್ತಾರಂತೆ: ನಿಮ್ಮ ಬಗ್ಗೆ ಹೇಳಿ.
ನನ್ನ ಹೆಸರು ಶಹತಾಜ್. ಬಿಎಸ್ಸಿ. ಎಪ್ಪತ್ತೊಂದು ಪರ್ಸೆಂಟು.
ಆಮೇಲೆ?
ಆಮೇಲೆ ಗೋಡೆಯ ಮೇಲೆ ಒಂದು ಹಲ್ಲಿ.

ಮುನಿನಾರಾಯಣಪ್ಪ ಇದ್ದಿಲು ಊದುತ್ತಾ ಕೇಳಿದ:
'ಮುಖ ಯಾಕಮ್ಮ ಇಷ್ಟು ಸುಕ್ಕು? ನಾನು ಬಟ್ಟೇದು ಮಾತ್ರ ತೆಗೀಬಲ್ಲೆ.
ಆಫೀಸರುಗಳಂದ್ರೆ ಭಯಾನಾ?
ಇಪ್ಪತ್ತಾರು ವರ್ಷದಿಂದ ಅವರ ಕಾಲರು ನೋಡ್ತಿದೀನಿ,
ಎಂಥಾ ಸಾಹೇಬರದ್ದೂ ಬೆವರಿಗೆ ಹಳದಿ ಆಗ್ತದೆ.'
ಯೂರಿಯಾ, ಅಂದುಕೊಂಡೆ.
ಆ ವಾರ ನಕ್ಕಿದ್ದು ಅದೊಂದೇ ಸಲ.

ಭಾನುವಾರ ರಾತ್ರಿ, ಒಲೆ ಆರಿಸಿದ ಮೇಲೆ,
ಅಬ್ಬಾ ಮೂಟೆಯಿಂದ ಒಂದು ಗೂಡು ಹೆಕ್ಕಿ
ನನ್ನ ಕಿವಿಯ ಹತ್ತಿರ ಅಲ್ಲಾಡಿಸಿದರು.
ಒಳಗೆ ಯಾರೋ ಮೆಲ್ಲಗೆ ಬಾಗಿಲು ತಟ್ಟಿದ ಹಾಗೆ.
ಇನ್ನೊಂದು ಹೆಕ್ಕಿದರು. ಸದ್ದಿಲ್ಲ.
'ಇದು ಒಳಗೇ ಸತ್ತು ಗೋಡೆಗೆ ಅಂಟಿಕೊಂಡಿದೆ.
ನೋಡೋಕೆ ಎರಡೂ ಒಂದೇ.
ಮಾರ್ಕೆಟ್ಟಲ್ಲಿ ನಂಗೆ ಸಿಗೋದು ಅರ್ಧ ನಿಮಿಷ,
ಒಂದು ಹಿಡಿ ಎತ್ತಿ, ಕೇಳಿ, ರೇಟು ಹಾಕಬೇಕು.
ಅವರಿಗೂ ಅಷ್ಟೇ ಟೈಮು. ಪಾಪ.'
ಪಾಪ ಅಂದರು, ಅವರಿಗೆ!
ತಪ್ಪಾಗಲ್ವಾ ಅಬ್ಬಾ, ಅಂದೆ.
'ಆಗುತ್ತೆ. ಎಷ್ಟೋ ಸಲ ಒಳ್ಳೇ ಲಾಟು ಬಿಟ್ಟು ಬಂದಿದೀನಿ.'
ಬಿಸಿನೀರಿನಲ್ಲಿ ರೇಖೆಯೇ ಅಳಿಸಿಹೋದ ಬೆರಳು ಅವು;
ರೇಷನ್ ಅಂಗಡಿಯ ಯಂತ್ರ ಒತ್ತಿಸಿಕೊಂಡು, ಒತ್ತಿಸಿಕೊಂಡು,
ಇದು ಯಾರೋ ಗೊತ್ತಿಲ್ಲ ಅನ್ನುತ್ತೆ.

ಬಳೆ ಅಂಗಡಿ ಮಂಜುಳಕ್ಕನ ಮನೆಯಲ್ಲಿ ಬಟ್ಟೆ ಬದಲಿಸಿದೆ.
ಏಳೂವರೆ ಬಸ್ಸು. ಕೈಯಲ್ಲಿ ಫೈಲು,
ಎದೆಯೊಳಗೆ ಅರ್ಧ ನಿಮಿಷ.
ದ್ರಾಕ್ಷಿ ಚಪ್ಪರ ಶುರುವಾಗುವಲ್ಲಿ ಗಾಳಿಗೆ ಜಡೆ ಮುಂದೆ ಬಂತು.
ಮೂಸಿದೆ. ಇತ್ತು.
ಬಟ್ಟೆ ಬಚ್ಚಿಟ್ಟೆ, ಕೂದಲನ್ನು ಎಲ್ಲಿಡಲಿ?
ಪಕ್ಕದ ಹೆಂಗಸು, ಮಡಿಲಲ್ಲಿ ಸೊಪ್ಪಿನ ಕಂತೆ,
ಮೂಗು ಅರಳಿಸಿ ಕಿಟಕಿಯ ಕಡೆ ಕೈ ಚಾಚಿದರು.
ಬಾಯಿ ತಾನೇ ತೆರೆಯಿತು:
'ನಮ್ದು ರೀಲಿಂಗು ಮನೆ ಆಂಟಿ, ಶಿಡ್ಲಘಟ್ಟ.
ಹುಳ ಬೇಯೋ ವಾಸನೆ. ನಂದೇ.'

ಆಕೆಯ ಕೈ ಸರಳಿನ ಮೇಲೇ ನಿಂತಿತು.
'ಹೌದಾ? ಆಮೇಲೆ?' ಅಂದರು,
ಸೊಪ್ಪಿನ ಕಂತೆ ಆ ಮಡಿಲಿಗೆ ಸರಿಸಿಕೊಂಡು, ನನ್ನ ಕಡೆ ತಿರುಗಿ.

ಚಿಕ್ಕಬಳ್ಳಾಪುರಕ್ಕೆ ಇನ್ನೂ ಇಪ್ಪತ್ತು ನಿಮಿಷ ಇತ್ತು.