ಶನಿವಾರದವನು

ನಾನು ಶನಿವಾರದವನು.
ಹತ್ತರಿಂದ ಒಂದು ಗಂಟೆಯವರೆಗೆ, ಕಾಸು ಕೊಟ್ಟು ಕೂರುತ್ತೇನೆ
ಕುತಾಹ್ಯದ ರೈಲು ನಿಲ್ದಾಣದ ಹಿಂದೆ, ನೆಜಾಹತಳ ಪಿಂಗಾಣಿ ಕೋಣೆಯಲ್ಲಿ.
ಅವಳನ್ನು ಉಸ್ತಾ ಎಂದೇ ಕರೆಯುವುದು ಎಲ್ಲರೂ, ಅವಳ ಗಂಡ ಕೂಡ,
ಸಿಟ್ಟು ಬಂದಾಗ ಕೂಡ.

ಕತ್ತೆಯ ಕುತ್ತಿಗೆಗೂದಲಿನ ಕುಂಚ
ನನ್ನದೂ ಅವಳದೂ ಒಂದೇ ಅಂಗಡಿಯದು.
ನನ್ನದೇ ತುಸು ದುಬಾರಿ.
ಅಂಚೆ ಕಚೇರಿಯಿಂದ ನಿವೃತ್ತನಾದ ದಿನ ಕೊಂಡದ್ದು,
ಮರದ ಪೆಟ್ಟಿಗೆಯೊಳಗೆ ಮಖಮಲ್ಲಿನ ಮೇಲೆ ಮಲಗಿಸಿದ್ದೇನೆ.
ಅವಳದು ಮೊಸರಿನ ಡಬ್ಬಿಯಲ್ಲಿ ನಿಂತಿರುತ್ತದೆ, ತಲೆ ಕೆದರಿಕೊಂಡು.

ನಾನು ಟ್ಯುಲಿಪ್ ಬರೆಯುವ ಮೊದಲು
ಕಿಟಕಿ ತೆರೆಯಬೇಕು, ಚಹಾ ಆಗಬೇಕು, ಮನಸ್ಸು ಬರಬೇಕು.
ಬರದಿದ್ದರೆ, ಬಂದಾಗ ಬರೆದರಾಯಿತೆಂದು
ಟೋಪಿ ಹಾಕಿಕೊಂಡು ಮನೆಗೆ.
ಅವಳು ಮನಸ್ಸನ್ನು ಕೇಳಿದ್ದು ನಾನು ಕಂಡಿಲ್ಲ.
ಹಲ್ಲುನೋವಿನ ದಿನ ದವಡೆಗೆ ಲವಂಗ ಒತ್ತಿಕೊಂಡು
ಮೂವತ್ತು ತಟ್ಟೆ. ಮಗಳ ಮದುವೆ ಮುರಿದ ವಾರ
ದಿನಕ್ಕೆ ಮೂವತ್ತು ತಟ್ಟೆ.
ಕಳ್ಳನ ಹಾಗೆ ಒಂದೊಂದನ್ನೂ ತಿರುಗಿಸಿ ನೋಡಿದೆ,
ಎಲ್ಲಿಯಾದರೂ ಒಂದು ಎಸಳು ಅತ್ತಿದೆಯೇ ಎಂದು.
ಇರಲಿಲ್ಲ. ನಿಜ ಹೇಳಬೇಕೆಂದರೆ, ನನಗೆ ಸ್ವಲ್ಪ ಬೇಸರವಾಯಿತು.

ಕೋಬಾಲ್ಟ್ ಹಸಿಯಲ್ಲಿ ನೀಲಿಯಲ್ಲ; ಒಲೆಬೂದಿಯ ಬಣ್ಣ.
ನಾನು ಹಚ್ಚುವುದು ಬೂದಿ. ಹಚ್ಚಿ, ಬೆಂಕಿಗೆ ಕೈಮುಗಿದು ಕಾಯುತ್ತೇನೆ.
ಅವಳು ಹಚ್ಚುವುದು ನೀಲಿಯನ್ನೇ, ಇನ್ನೂ ಬಾರದ್ದನ್ನು.
ಎಷ್ಟು ತೆಳುವಾದರೆ ಎಷ್ಟು ನೀಲಿ ಎಂಬುದು ಅವಳ ಮಣಿಕಟ್ಟಿಗೆ ಗೊತ್ತು.
ಹೇಗೆ ಎಂದು ಕೇಳಿದರೆ
"ಕೆಡಿಸಿ ಕೆಡಿಸಿ" ಎನ್ನುತ್ತಾಳೆ, ಅಷ್ಟೇ.

ಹೋದ ಫೆಬ್ರವರಿಯಲ್ಲಿ ಭಟ್ಟಿ ಕೈಕೊಟ್ಟಿತು.
ಬಾಗಿಲು ತೆಗೆದರೆ, ಅಂತಾಲ್ಯದ ಹೋಟೆಲಿನ ಇನ್ನೂರ ಹನ್ನೆರಡು ತಟ್ಟೆ
ಬಿರಿದು, ಬೊಬ್ಬೆಯೆದ್ದು, ಒಂದಕ್ಕೊಂದು ಅಂಟಿ.
ಮೇಲಿನ ಹಲಗೆಯ ಮೂಲೆಯಲ್ಲಿ
ನನ್ನದೊಂದು ಮಾತ್ರ, ಕೂದಲಷ್ಟೂ ಕೊಂಕಿಲ್ಲದೆ,
ನಾಚಿಕೆಯಿಲ್ಲದ ನೀಲಿಯಲ್ಲಿ ನಗುತ್ತಾ.

ಒಂದು ಲೋಟ ಚಹಾ ಕುಡಿಯುವಷ್ಟು ಹೊತ್ತು ಚೂರುಗಳನ್ನು ನೋಡಿದಳು.
ಸಕ್ಕರೆ ಹಾಕಿಕೊಳ್ಳಲು ಮರೆತಳು. ಅಷ್ಟೇ ಅವಳ ದುಃಖ, ನನಗೆ ಕಂಡದ್ದು.
ಆಮೇಲೆ ಪುಸ್ತಕದಲ್ಲಿ ತಾರೀಖು, ಲೆಕ್ಕ, ನಷ್ಟ ಬರೆದು
ಪೊರಕೆ ಹಿಡಿದಳು. ಪೊರಕೆ ಇಟ್ಟು ಕುಂಚ ಹಿಡಿದಳು.
ಮುಂದಿನ ಗುರುವಾರಕ್ಕೆ ಲಾರಿ ಬರುತ್ತದೆ.

ಒಮ್ಮೆ ಒಂದು ಎಸಳಿನ ಬಣ್ಣ ಸೋರಿದ್ದಕ್ಕೆ
ಮೂರು ವಾರ ಈ ಓಣಿಗೆ ಕಾಲಿಡದವನು ನಾನು.

ನನ್ನ ತಟ್ಟೆಯನ್ನು ಬೆಳಕಿಗೆ ಹಿಡಿದು, ಅಂಚಿಗೆ ಉಗುರು ತಟ್ಟಿ ಕಿವಿಗೊಟ್ಟು
"ಚೆನ್ನಾಗಿದೆ, ರುಶ್ತೂ ಬೇ" ಎಂದಳು.
ಹೊಟ್ಟೆಕಿಚ್ಚಿಲ್ಲ, ಮರುಕವೂ ಇಲ್ಲ.
"ಇದರಂಥದೇ ಇನ್ನೊಂದು ಮಾಡಿ."

ಇನ್ನೊಂದು!
ಅಲ್ಲಿಂದ ಹನ್ನೊಂದು ಶನಿವಾರ.
ಒಂದು ಬಡಕಲಾಯಿತು, ಒಂದಕ್ಕೆ ಸೊಂಟ ಬಂತು,
ಒಂದಕ್ಕಂತೂ ಎಲೆಕೋಸಿನ ಗಾಂಭೀರ್ಯ.
ಮನೆಯ ಷೋಕೇಸಿನಲ್ಲಿರುವ ಆ ಮೊದಲನೆಯದನ್ನು
ಯಾರು ಬರೆದರೋ ಎಂಬಂತೆ ನೋಡುತ್ತೇನೆ.

ನಿದ್ದೆ ಬಾರದ ರಾತ್ರಿ ನೆನಪಾಗುವುದು ಅಂಚೆ ಮುದ್ರೆ.
ಮೂವತ್ತೊಂದು ವರ್ಷ, ದಿನಕ್ಕೆ ಎಂಟುನೂರು ಲಕೋಟೆ,
ಹೆಂಡತಿ ಆಸ್ಪತ್ರೆಯಲ್ಲಿದ್ದ ಚಳಿಗಾಲದಲ್ಲೂ.
ಮಾತಾಡುತ್ತ, ಆಚೆ ನೋಡುತ್ತ, ಠಪ್ಪೆಂದು ಬಿದ್ದರೆ
ಚೀಟಿಯ ಮೂಲೆಗೇ, ಅರ್ಧ ಒಳಗೆ ಅರ್ಧ ಹೊರಗೆ.
ಒಂದೂ ಸೊಟ್ಟಗಿರಲಿಲ್ಲ. ಒಂದನ್ನೂ ನಾನು ಪ್ರೀತಿಸಲಿಲ್ಲ.
ಆ ಕೈ ಇದೇ ಕೈ.
ಟ್ಯುಲಿಪ್ಪಿನ ಮಟ್ಟಿಗೆ ಅದಕ್ಕೆ ಬರೀ ಶನಿವಾರ ಗೊತ್ತು.

ಇವತ್ತು ಹನ್ನೆರಡನೆಯದು.
ಕಪ್ಪು ಗೆರೆ ತಿರುವಿಗೆ ಬಂದಿದೆ, ನಾಲಗೆ ಹಲ್ಲುಗಳ ನಡುವೆ.
ಅವಳು ಬೆನ್ನು ಹಾಕಿ ಕೂತಿದ್ದಾಳೆ, ತನ್ನ ಹತ್ತೊಂಬತ್ತನೆಯ ತಟ್ಟೆಗೆ ಬಾಗಿ.
ತಿರುಗದೆಯೇ ಅಂದಳು:
"ಉಸಿರು ಬಿಡಿ, ರುಶ್ತೂ ಬೇ.
ಬಿಗಿಹಿಡಿದು ಎಳೆದರೆ ಒಂದು ಗೆರೆಗೆ ಸಾಕಾಗುತ್ತದೆ.
ಸಂಜೆಯವರೆಗೂ ಎಳೆಯುವುದಿದೆ ಎಂದುಕೊಳ್ಳಿ."

ಗೋಡೆಯ ಗಡಿಯಾರದಲ್ಲಿ ಒಂದಕ್ಕೆ ಐದು ನಿಮಿಷ.